ಬಿಲ್ಲೇ ಬರದ ಊರಿನಲ್ಲಿ ಇಂಗಾಲ ತೆರಿಗೆ

ಕೊಡೇಕಲ್‌ನಲ್ಲಿ ನನ್ನ ಅಭ್ಯಾಸ ಬೋಧನೆ, ಅರ್ಥಶಾಸ್ತ್ರದ ಪಾಠ. ಸೌರವಿದ್ಯುತ್ ಕಡ್ಡಾಯ ಮಾಡುವುದಕ್ಕಿಂತ ಇಂಗಾಲ ತೆರಿಗೆ ಕಡಿಮೆ ಖರ್ಚಿನದು, ದರ ಏರಿದರೆ ಪ್ರತಿಯೊಬ್ಬರೂ ತಮಗೆ ಸುಲಭವಾದ ಉಳಿತಾಯದ ದಾರಿ ಹುಡುಕುತ್ತಾರೆ ಎಂದು ಹಲಗೆಯ ಮೇಲೆ ಬರೆದೆ. ಉದಾಹರಣೆಗೆ ಕಲ್ಲಿದ್ದಲಿನ ಸೆಸ್ ಕೊಟ್ಟೆ: 2010ರಲ್ಲಿ ಟನ್ನಿಗೆ 50 ರೂಪಾಯಿ, 2016ರಲ್ಲಿ 400.

“ನಮ್ ಪಂಪಿಗೆ ಬಿಲ್ಲೇ ಬರಂಗಿಲ್ರಿ ಸರ್,” ಎಂದ ಹಿಂದಿನ ಬೆಂಚಿನ ಹುಡುಗ.

ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಹಣ ಸರ್ಕಾರವೇ ಕಟ್ಟುತ್ತದೆ. ಗೃಹಜ್ಯೋತಿ ಬಂದಮೇಲೆ ಹೆಚ್ಚಿನ ಮನೆಗಳದೂ ಅದೇ ಕಥೆ. ರಾಯಚೂರು ಸ್ಥಾವರದ ಕಲ್ಲಿದ್ದಲಿನ ಮೇಲೆ ತೆರಿಗೆ ಹಾಕಿದರೆ ಉತ್ಪಾದಕರ ಲೆಕ್ಕ ಬದಲಾದೀತು, ಇಲ್ಲಿ ಸ್ವಿಚ್ ಒತ್ತುವವರದಲ್ಲ. ಎಸ್ಕಾಂಗಳು ಇಂತಿಷ್ಟು ಪಾಲು ನವೀಕರಿಸಬಹುದಾದ ವಿದ್ಯುತ್ ಕೊಳ್ಳಲೇಬೇಕೆಂಬ ನಿಯಮಕ್ಕೆ ಬಿಲ್ಲಿನ ಹಂಗಿಲ್ಲ. ದುಬಾರಿಯಾದರೂ ಇಂಥ ಊರಿಗೆ ಕಡ್ಡಾಯವೇ ಮೇಲು ಎನ್ನುತ್ತೇನೆ.

ಮರುದಿನ ಹುಡುಗನ ಮಾತಿನಿಂದಲೇ ಪಾಠ ಶುರುಮಾಡಿದೆ.