ಉಡುಪು, ಚಿತ್ರಪಟ ಮತ್ತು ನೇಯ್ದವರ ಹೆಸರು

ಕಲಾಸಂಗ್ರಹಾಲಯದಲ್ಲಿ ಉಡುಪುಗಳ ಪ್ರದರ್ಶನ ಏರ್ಪಟ್ಟಿತೆಂದರೆ ನಮ್ಮ ವಿದ್ವದ್ವಲಯದಲ್ಲಿ ಹಲವರು ಮೂಗು ಮುರಿಯುತ್ತಾರೆ. ಚಿತ್ರಶಿಲ್ಪಗಳು ಕಲೆ, ಬಟ್ಟೆಬರೆ ಬರಿಯ ಶೋಕಿ ಎಂಬುದು ಅವರ ನಿಲುವು. ಇದನ್ನು ನಾನು ಒಪ್ಪಲಾರೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೆ ಎಡೆಗೊಟ್ಟಂತೆಯೇ ವಸ್ತ್ರೋಪಭೋಗಕ್ಕೂ ಎಡೆಗೊಟ್ಟಿದ್ದಾನೆ. ಆತನಿಗಿಲ್ಲದ ಸಂಕೋಚ ನಮಗೇಕೆ?

2018ರಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿ ‘ಹೆವನ್ಲಿ ಬಾಡೀಸ್’ ಎಂಬ ಪ್ರದರ್ಶನವನ್ನು ನೋಡಿದೆ. ಕ್ಯಾಥೊಲಿಕ್ ಕಲ್ಪನೆಗೂ ಉಡುಪಿನ ವಿನ್ಯಾಸಕ್ಕೂ ಇರುವ ನಂಟು ಅದರ ವಿಷಯ. ವ್ಯಾಟಿಕನ್ನಿನಿಂದ ತಂದ ಪೋಪರ ನಿಲುವಂಗಿಗಳು, ಕಿರೀಟಗಳು ಒಂದೆಡೆ. ಬೈಜಾಂಟೈನ್ ಹಾಗೂ ಮಧ್ಯಯುಗದ ಶಿಲ್ಪಗಳ ನಡುವೆ ಇಂದಿನ ವಿನ್ಯಾಸಕಾರರ ಉಡುಪುಗಳು ಇನ್ನೊಂದೆಡೆ. ಹದಿನಾರು ಲಕ್ಷಕ್ಕೂ ಮಿಕ್ಕ ಜನ ಅದನ್ನು ನೋಡಿದರೆಂಬುದು ಲೆಕ್ಕ. ಇದರ ಒಂದು ಭಾಗ ನಗರದ ಉತ್ತರದಂಚಿನ ಕ್ಲಾಯ್ಸ್ಟರ್ಸ್‌ನಲ್ಲಿತ್ತು. ಅಲ್ಲಿ ಸ್ಪೇನಿನಿಂದ ತಂದು ಮರುಜೋಡಿಸಿದ ಕಲ್ಲಿನ ಗರ್ಭಗುಡಿಯ ಮುಂದೆ ಬಾಲೆನ್ಸಿಯಾಗನ 1967ರ ಬಿಳಿಯ ಮದುವೆಯುಡುಪೊಂದನ್ನು ನಿಲ್ಲಿಸಿದ್ದರು. ಕಸೂತಿಯಿಲ್ಲ, ಮಣಿಯಿಲ್ಲ. ಬಟ್ಟೆ ತನ್ನ ಬಿಗುವಿನಿಂದಲೇ ಆಕಾರ ತಳೆದಿತ್ತು. ಆತ ಹೊಲಿಗೆಯಾಕೆಯ ಮಗ. ಕತ್ತರಿ ಹಿಡಿಯುವುದನ್ನೂ ಹೊಲಿಯುವುದನ್ನೂ ಸ್ವತಃ ಬಲ್ಲವನು. ಉಳಿದ ಥಳಕಿನ ಉಡುಪುಗಳು ನನ್ನ ನೆನಪಿನಲ್ಲಿ ಹೆಚ್ಚು ಉಳಿದಿಲ್ಲ.

ಉಡುಪನ್ನು ನೋಡಿದ ಕಣ್ಣಿಗೆ ಚಿತ್ರಗಳೂ ಬೇರೆಯಾಗಿ ಕಾಣುತ್ತವೆ. ಅದೇ ಸಂಗ್ರಹಾಲಯದಲ್ಲಿರುವ ಸಾರ್ಜೆಂಟನ ‘ಮೇಡಮ್ ಎಕ್ಸ್’ ನನಗೆ ಬಹು ಮೆಚ್ಚಿನ ಕೃತಿ. ಕಪ್ಪು ಗೌನು, ಅತ್ತ ತಿರುಗಿದ ಮುಖ, ಬಿಳಿಚಿದ ಮೈಬಣ್ಣ. 1884ರಲ್ಲಿ ಪ್ಯಾರಿಸಿನಲ್ಲಿ ಅದನ್ನು ತೋರಿಸಿದಾಗ ಭುಜದ ಪಟ್ಟಿಯೊಂದು ಕೆಳಗೆ ಜಾರಿದ್ದಂತೆ ಬರೆಯಲಾಗಿತ್ತು. ಅಷ್ಟಕ್ಕೇ ಊರೆಲ್ಲ ಗುಲ್ಲು. ಕಲಾವಿದ ಆಮೇಲೆ ಪಟ್ಟಿಯನ್ನು ಭುಜದ ಮೇಲಕ್ಕೆ ತಿದ್ದಿ ಬರೆದ. ಬಟ್ಟೆ ಬರಿಯ ಶೋಕಿಯೆನ್ನುವವರು ಈ ನಾಲ್ಕು ಬೆರಳಗಲದ ಕಥೆಯನ್ನು ಹೇಗೆ ಅರ್ಥೈಸುವರೋ ತಿಳಿಯದು. ಆ್ಯಂಗ್ರ್ ಬರೆದ ಪ್ರಿನ್ಸೆಸ್ ದ ಬ್ರೊಯ್‌ಳ ಚಿತ್ರದಲ್ಲಂತೂ ನೀಲಿ ಸ್ಯಾಟಿನ್ನಿನ ಒಂದೊಂದು ಮಡಿಕೆಯೂ ಕೈಗೆ ತಾಗುವಂತಿದೆ. ಆಕೆ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಬಳಿಕ ಪತಿ ಆ ಚಿತ್ರಕ್ಕೆ ಬಟ್ಟೆಯನ್ನೇ ಮುಚ್ಚಿ ಇರಿಸಿಕೊಂಡಿದ್ದನಂತೆ.

ಆದರೆ ನನ್ನ ತಕರಾರು ಇಲ್ಲಿಂದಲೇ ಮೊದಲಾಗುತ್ತದೆ. ಚಿತ್ರದ ಕೆಳಗೆ ಚಿತ್ರಕಾರನ ಹೆಸರಿದೆ, ಉಡುಪಿನ ಕೆಳಗೆ ವಿನ್ಯಾಸಕಾರನ ಹೆಸರಿದೆ. ಆ ಸ್ಯಾಟಿನ್ನನ್ನು ನೇಯ್ದವರಾರು, ಹೊಲಿದವರಾರು? ಲೋಕದ ಯಾವ ಸಂಗ್ರಹಾಲಯಕ್ಕೆ ಹೋದರೂ ಈ ಪ್ರಶ್ನೆಗೆ ಉತ್ತರ ಸಿಗುವುದು ವಿರಳ. ಹಳೆಯ ಕಾಲದ ಬಟ್ಟೆಗಳ ಮಟ್ಟಿಗೆ ಇದು ಅನಿವಾರ್ಯವಿರಬಹುದು, ಇಂದು ನೇಯುವ ಬಟ್ಟೆಗೆ ಆ ನೆಪ ಸಲ್ಲದು.

ನಾವೇನೂ ಮೇಲಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’ ಇದೆ. ಬೇರೆ ಬೇರೆ ಪ್ರಾಂತ್ಯ, ಸಮುದಾಯಗಳ ಹನ್ನೊಂದು ಮಂದಿ ಸ್ತ್ರೀಯರು ತಂತಮ್ಮ ಉಡುಗೆಯಲ್ಲಿ ಒತ್ತೊತ್ತಾಗಿ ಕುಳಿತು ನಿಂತಿರುವ ಚಿತ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾರತದ ಉಡುಪು ಪ್ರದರ್ಶನವೇ ಅದೆಂದರೂ ಸಲ್ಲುತ್ತದೆ. ನಾವೋ ಮುಖಗಳನ್ನು ಹೊಗಳಿ, ಹಾಲ್ದಣಕರರ ದೀಪದ ಹೆಂಗಸಿನತ್ತ ಧಾವಿಸುತ್ತೇವೆ. (ಅದೂ ರವಿವರ್ಮನದೇ ಎಂದು ಪಕ್ಕದವರಿಗೆ ಹೇಳುವವರು ಈಗಲೂ ಇದ್ದಾರೆ.) ತರಗತಿಯಲ್ಲಿಯೂ ಅಷ್ಟೆ: ‘ದುಕೂಲ’ ಎಂಬ ಪದ ಬಂದರೆ ರೇಷ್ಮೆವಸ್ತ್ರವೆಂದು ಅರ್ಥ ಬರೆಯಿಸಿ ಮುಂದಿನ ಪದ್ಯಕ್ಕೆ ಸಾಗುತ್ತೇವೆ.

ಇಳಕಲ್ಲಿನಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು ಹೂಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಬೆಸೆಯುತ್ತಾರೆ. ಆ ಕೈಗಳು ಇನ್ನೂ ಜೀವಂತವಾಗಿವೆ. ನಮ್ಮಲ್ಲಿ ಉಡುಪಿನ ಪ್ರದರ್ಶನ ನಡೆಯುವುದಾದರೆ ಅಂಥದೊಂದು ಸೀರೆಯಿಂದ ಮೊದಲಾಗಲಿ. ಫಲಕದ ಮೊದಲ ಸಾಲಿನಲ್ಲಿ ನೇಯ್ದವರ ಹೆಸರಿರಲಿ. ಕೊಂಡಿ ಹಾಕಿದವರ ಹೆಸರೂ ಇರಲಿ, ಅದು ಮನೆಯ ಹೆಣ್ಣುಮಗಳೇ ಆಗಿದ್ದರೂ ಸರಿ.