ಹಾದಿಗೆ ಒಡೆಯರು ಯಾರು?

ಜಲ್ಲಿ ಹಾದಿಯಲ್ಲಿ ಓಡಿಸುವುದಕ್ಕೆಂದೇ ಮಾಡಿದ ಸೈಕಲ್ಲೊಂದು ಪೇಟೆಗೆ ಬಂದಿದೆ. ‘ಗ್ರ್ಯಾವೆಲ್ ಬೈಕ್’ ಎಂದು ಅದರ ಹೆಸರು. ಪಂದ್ಯದ ಸೈಕಲ್ಲಿನಂತೆ ಹ್ಯಾಂಡಲ್ ಬಾಗಿರುತ್ತದೆ. ಟೈರು ಮಾತ್ರ ಅಗಲ, ಸುಮಾರು 40 ಮಿಲ್ಲಿಮೀಟರ್. ಡಾಂಬರು ಮುಗಿದಲ್ಲಿ ನಿಲ್ಲದೆ ಬಂಡಿಜಾಡು, ಕಾಲುವೆ ಏರಿ, ಕಾಡಿನ ಕಚ್ಚಾ ರಸ್ತೆ, ಹೊಳೆಯ ದಂಡೆ ಇವುಗಳ ಮೇಲೂ ಓಡುವುದೇ ಅದರ ಗುಣ. 2022ರಿಂದ ಈ ಸೈಕಲ್ಲಿಗೆ ವಿಶ್ವಮಟ್ಟದ ಪಂದ್ಯವೂ ನಡೆಯುತ್ತಿದೆ. ಬೆಲೆ ಕೇಳಿದರೆ ಗಿರಣಿ ಕೆಲಸಗಾರನ ಹಲವು ತಿಂಗಳ ಸಂಬಳ. ಹಾಲಿನ ಕ್ಯಾನು ಕಟ್ಟಿಕೊಂಡು, ಸಂತೆಯ ಗಂಟು ಹೇರಿಕೊಂಡು ತಲೆಮಾರುಗಳಿಂದ ಇಂಥ ಹಾದಿಗಳಲ್ಲೇ ಸೈಕಲ್ ತುಳಿದ ನಮ್ಮವರಿಗೆ ಇದನ್ನು ಕೇಳಿ ನಗು ಬಂದರೆ ಆಶ್ಚರ್ಯವಿಲ್ಲ.

ಆದರೆ ನಕ್ಕು ಸುಮ್ಮನಾಗುವ ವಿಷಯ ಇದಲ್ಲ. ಸೈಕಲ್ಲನ್ನು ಹಣವುಳ್ಳವರು ಕೊಳ್ಳಬಹುದು. ಅದು ಓಡುವ ಹಾದಿಯನ್ನು ತೆರೆದಿಟ್ಟವರು ಯಾರು? ಅದು ತೆರೆದೇ ಉಳಿಯುವುದು ಹೇಗೆ? ಈ ಪ್ರಶ್ನೆಗಳಿಗೆ ಇಂಗ್ಲೆಂಡಿನ ಹತ್ತಿ ಗಿರಣಿಗಳ ಸೀಮೆಯಲ್ಲಿ ಸ್ಪಷ್ಟವಾದ ಉತ್ತರವಿದೆ. ಅದನ್ನು ನಮ್ಮ ಕೆಲಸಗಾರರೂ ಸಣ್ಣ ವರ್ತಕರೂ ತಿಳಿದಿರುವುದು ಒಳ್ಳೆಯದು.

ಡರ್ಬಿಷೈರ್ ಪ್ರಾಂತದ ಕ್ರಾಮ್‌ಫರ್ಡ್ ಎಂಬ ಊರಿನಲ್ಲಿ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯನ್ನು ಕಟ್ಟಲಾರಂಭಿಸಿದ. ಅಲ್ಲಿಯ ಕಾಲುವೆಯಿಂದ ಗುಡ್ಡ ಹತ್ತಿ ಆಚೆ ಬದಿಯ ಇನ್ನೊಂದು ಕಾಲುವೆಯನ್ನು ಮುಟ್ಟುವಂತೆ 1830ರ ಸುಮಾರಿಗೆ ಒಂದು ರೈಲು ದಾರಿಯಾಯಿತು. ಏರು ಎಷ್ಟು ಕಡಿದೆಂದರೆ, ಮೇಲೆ ಹಬೆಯಂತ್ರವಿಟ್ಟು ಹಗ್ಗದಿಂದ ವ್ಯಾಗನ್ನುಗಳನ್ನು ಎಳೆಯಬೇಕಾಗುತ್ತಿತ್ತು. 1967ರಲ್ಲಿ ಆ ರೈಲು ನಿಂತಿತು. ಕಂಬಿ ಕಿತ್ತ ನೆಲ ಯಾವನೋ ಒಬ್ಬನ ಬೇಲಿಯೊಳಗೆ ಸೇರಲಿಲ್ಲ. 1971ರಲ್ಲಿ ಸಾರ್ವಜನಿಕ ಸಂಸ್ಥೆಗಳೇ ಅದನ್ನು ಕೊಂಡವು. ಇಂದು ಅದು ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವರಿಗೂ ಸಲ್ಲುವ ಸುಮಾರು 28 ಕಿಲೋಮೀಟರಿನ ಜಲ್ಲಿ ಹಾದಿ. ಅದರಿಂದ ಮುಂದೆ ‘ಪೆನ್ನೈನ್ ಬ್ರೈಡಲ್‌ವೇ’ ಎಂಬ ಕುದುರೆ ಹಾದಿಯನ್ನು ಹಿಡಿದರೆ ಕಿಂಡರ್ ಸ್ಕೌಟ್ ಬೆಟ್ಟದ ಬುಡದ ಹೇಫೀಲ್ಡ್ ಊರಿಗೆ ಹೋಗಬಹುದು. ಅದೇ ಸೀಮೆಯಲ್ಲಿ ವೈ ನದಿಯ ಕಣಿವೆಯೊಳಗಿನ ರೈಲು ಹಾದಿ 1968ರಲ್ಲಿ ಮುಚ್ಚಿತ್ತು. 1981ರಲ್ಲಿ ಅದು ಜನರ ಹಾದಿಯಾಯಿತು, 2011ರಲ್ಲಿ ಸುರಂಗಗಳೂ ತೆರೆದವು. ಗ್ರ್ಯಾವೆಲ್ ಬೈಕಿನವರು ಇಂಥ ಹಾದಿಗಳಿಗಾಗಿಯೇ ಹುಡುಕಿಕೊಂಡು ಬರುತ್ತಾರೆ.

ಇದು ಯಾರೂ ದಾನವಾಗಿ ಕೊಟ್ಟದ್ದಲ್ಲ. 1604ರಿಂದ 1914ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾನೂನುಗಳ ಮೂಲಕ ಸುಮಾರು 68 ಲಕ್ಷ ಎಕರೆ ನೆಲಕ್ಕೆ ಬೇಲಿ ಹಾಕಿಸಿತು. ದೇಶದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಅದು. ಊರವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ, ಅಡ್ಡಾಡುತ್ತಿದ್ದ ಬಯಲುಗಳು ಖಾಸಗಿಯಾದವು. ನೆಲ ಕಳೆದುಕೊಂಡ ಎಷ್ಟೋ ಸಂಸಾರಗಳು ಗಿರಣಿ ಊರುಗಳಿಗೆ ಬಂದು ಸೇರಿದವು. ಬೆಟ್ಟಗಳ ಮೇಲಿನ ಹುಲ್ಲುಗಾಡು ಶ್ರೀಮಂತರ ಹಕ್ಕಿ ಬೇಟೆಗೆ ಮೀಸಲಾಯಿತು. ವರ್ಷದಲ್ಲಿ ಕೆಲವೇ ದಿನ ನಡೆಯುವ ಬೇಟೆಗಾಗಿ ವರ್ಷವಿಡೀ ಕಾವಲುಗಾರರು ದೊಣ್ಣೆ ಹಿಡಿದು ನಿಂತರು.

ಗಿರಣಿಯ ಹೊಗೆಯಲ್ಲಿ ವಾರವೆಲ್ಲ ದುಡಿದವನಿಗೆ ಹಸುರು ಕಾಣುವ ಆಸೆ ತಪ್ಪೇ? 1850ರ ಕಾರ್ಖಾನೆ ಕಾನೂನು ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಿಸಬೇಕೆಂದಿತು. ಬಿಡುವು ಬಂತು, ಹೋಗಲು ವಾಹನವಿರಲಿಲ್ಲ. 1885ರಲ್ಲಿ ಎರಡು ಸಮಚಕ್ರಗಳ ‘ರೋವರ್’ ಸೈಕಲ್ಲೂ 1888ರಲ್ಲಿ ಡನ್ಲಪ್ಪನ ಗಾಳಿ ಟೈರೂ ಬಂದವು. ಹಳೆಯ ಸೈಕಲ್ಲುಗಳು ಕಡಿಮೆ ಬೆಲೆಗೆ ದೊರೆಯುತ್ತ ಬಂದಂತೆ ಕೆಲಸಗಾರನಿಗೂ ದೂರ ಹತ್ತಿರವಾಯಿತು. ಮ್ಯಾಂಚೆಸ್ಟರಿನಲ್ಲಿ 1891ರಲ್ಲಿ ರಾಬರ್ಟ್ ಬ್ಲಾಚ್‌ಫರ್ಡ್ ‘ಕ್ಲಾರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯನ್ನು ಹೊರಡಿಸಿದ್ದರು. ಅದರ ಓದುಗರು 1894ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸೈಕಲ್ ಸಂಘವೊಂದನ್ನು ಕಟ್ಟಿದರು. ರಜೆಯ ದಿನ ಹಳ್ಳಿಗಳತ್ತ ಸೈಕಲ್ ಹೊಡೆಯುವುದು, ಕರಪತ್ರ ಹಂಚುವುದು, ಊರ ಕಟ್ಟೆಯಲ್ಲಿ ಭಾಷಣ ಮಾಡುವುದು ಅವರ ಕಾರ್ಯಕ್ರಮವಾಗಿತ್ತು. ಪತ್ರಿಕೆ ನಿಂತು ಹೋಗಿದೆ. ಸೈಕಲ್ ಸಂಘದ ಹೆಸರು ಉಳಿದಿದೆ.

ಆ ಪರಂಪರೆಯಲ್ಲಿ ಬೆಳೆದ ತರುಣ ಬೆನ್ನಿ ರಾತ್‌ಮನ್. 1932ರ ಏಪ್ರಿಲ್ 24ರ ಭಾನುವಾರ ಕಿಂಡರ್ ಸ್ಕೌಟ್ ಬೆಟ್ಟವನ್ನು ಒಟ್ಟಾಗಿ ಹತ್ತುವುದೆಂದು ಆತನೂ ಸಂಗಡಿಗರೂ ಸಾರಿದರು. ರೈಲು ನಿಲ್ದಾಣದಲ್ಲಿ ತಡೆಯಾಜ್ಞೆ ಹಿಡಿದು ಕಾಯುತ್ತಾರೆಂದು ರಾತ್‌ಮನ್ ರೈಲಿಗೆ ಹೋಗದೆ ಮ್ಯಾಂಚೆಸ್ಟರಿನಿಂದ ಹೇಫೀಲ್ಡಿಗೆ ಸೈಕಲ್ಲಿನಲ್ಲೇ ಹೋದ. ಸುಮಾರು 400 ಜನ ಬೆಟ್ಟ ಹತ್ತಿದರು; ಕಾವಲುಗಾರರೊಡನೆ ತಳ್ಳಾಟವಾಯಿತು. ಪರರ ನೆಲದಲ್ಲಿ ಕಾಲಿಡುವುದು ಅಲ್ಲಿ ಶಿಕ್ಷಾರ್ಹ ಅಪರಾಧವಾಗಿರಲಿಲ್ಲ, ಆದ್ದರಿಂದ ಗಲಭೆಯ ಆರೋಪ ಹೊರಿಸಲಾಯಿತು. ಐವರಿಗೆ ಎರಡರಿಂದ ಆರು ತಿಂಗಳ ಸಜೆಯಾಯಿತು. ಇಪ್ಪತ್ತರ ಪ್ರಾಯದ ರಾತ್‌ಮನ್ನನಿಗೆ ನಾಲ್ಕು ತಿಂಗಳು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಹೊಲಕ್ಕಿಳಿದು ಸೆರೆಮನೆ ಕಂಡ ಗೇಣಿದಾರರನ್ನು ಬಲ್ಲ ನಮ್ಮ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗೋಡಿನವರು ಕೇಳಿದ್ದು ಉಳುವ ಹಕ್ಕು, ಕಿಂಡರಿನವರು ಕೇಳಿದ್ದು ನಡೆಯುವ ಹಕ್ಕು.

ಒಂದು ಭಾನುವಾರದಿಂದಲೇ ಎಲ್ಲವೂ ಆಯಿತೆಂದು ಹೇಳುವುದು ಸರಿಯಲ್ಲ. ಬೆಟ್ಟಗಳಿಗೆ ಪ್ರವೇಶ ಬೇಕೆಂದು ಜೇಮ್ಸ್ ಬ್ರೈಸ್ ಪಾರ್ಲಿಮೆಂಟಿನಲ್ಲಿ ಮಸೂದೆ ತಂದದ್ದು 1884ರಲ್ಲಿ. ನಡಿಗೆಗಾರರ ಸಂಘಗಳು ದಶಕಗಳ ಕಾಲ ಅರ್ಜಿ ಬರೆದವು, ಸಭೆ ಸೇರಿಸಿದವು. ಅವುಗಳಲ್ಲಿ ಕೆಲವು ಕಿಂಡರ್ ಸಾಹಸವನ್ನು ವಿರೋಧಿಸಿಯೂ ಇದ್ದವು. ಕೊನೆಗೆ 1949ರಲ್ಲಿ ಅಟ್ಲಿಯವರ ಲೇಬರ್ ಸರಕಾರ ಕಾನೂನು ಮಾಡಿತು. ಪ್ರತಿ ಜಿಲ್ಲೆಯ ಕಾಲುದಾರಿ, ಕುದುರೆ ಹಾದಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದಾಯಿತು. 1951ರಲ್ಲಿ ಕಿಂಡರ್ ಸ್ಕೌಟ್ ಇರುವ ಪೀಕ್ ಸೀಮೆಯೇ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1968ರ ಕಾನೂನು ಕುದುರೆ ಹಾದಿಗಳಲ್ಲಿ ಸೈಕಲ್ಲಿಗೂ ಹಕ್ಕು ಕೊಟ್ಟು, ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವರು ದಾರಿ ಬಿಡಬೇಕೆಂಬ ಷರತ್ತನ್ನೂ ಹಾಕಿತು. ಈ ಷರತ್ತು ನ್ಯಾಯವಾದದ್ದೇ. ಬಲವುಳ್ಳ ಚಕ್ರ ಬರಿಗಾಲಿಗೆ ದಾರಿ ಬಿಡದಿದ್ದರೆ ಹಳೆಯ ಒಡೆಯ ಹೋಗಿ ಹೊಸ ಒಡೆಯ ಬಂದಂತಾಗುತ್ತದೆ.

ಹೋರಾಟ ಮುಗಿದಿಲ್ಲ. 2000ದ ಕಾನೂನು ಬೆಟ್ಟ ಬಯಲುಗಳನ್ನು ತೆರೆದದ್ದು ಕಾಲ್ನಡಿಗೆಗೆ ಮಾತ್ರ. ಇಂಗ್ಲೆಂಡಿನ ಸಾರ್ವಜನಿಕ ಹಾದಿಗಳಲ್ಲಿ ಸೈಕಲ್ಲಿಗೆ ಹಕ್ಕಿರುವುದು ಸುಮಾರು ಐದನೆಯ ಒಂದು ಪಾಲಿನಲ್ಲಿ. ಕಾಲುವೆ ದಂಡೆಗಳಲ್ಲೂ ಸರಕಾರಿ ಕಾಡುಗಳ ರಸ್ತೆಗಳಲ್ಲೂ ಬಹುಮಟ್ಟಿಗೆ ಸೈಕಲ್ ಓಡುವುದು ಅನುಮತಿಯಿಂದ. ಅನುಮತಿ ಬೇರೆ, ಹಕ್ಕು ಬೇರೆ. ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳಬಹುದಾದದ್ದು ಅನುಮತಿ. ಸ್ಕಾಟ್ಲೆಂಡ್ ಮಾತ್ರ 2003ರ ಕಾನೂನಿನಿಂದ, ಜವಾಬ್ದಾರಿಯಿಂದ ವರ್ತಿಸುವ ಯಾರೇ ಆಗಲಿ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬಹುಪಾಲು ನೆಲದಲ್ಲಿ ಸಂಚರಿಸಬಹುದೆಂದು ಒಪ್ಪಿಕೊಂಡಿದೆ. ಬೆಳೆಯ ಹೊಲ, ಮನೆಯಂಗಳ ಅದರಿಂದ ಹೊರಗೆ. ಇಪ್ಪತ್ತು ವರ್ಷಗಳಿಗೂ ಮೀರಿ ಈ ಏರ್ಪಾಡು ನಡೆದಿದೆ, ಅಲ್ಲಿಯ ಬೇಸಾಯವೇನೂ ನಿಂತಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ಹಳ್ಳಿಗಳ ಹಾದಿಗಳು ಜಾಹೀರಾತಿನ ಚಿತ್ರಗಳಲ್ಲ, ದುಡಿಮೆಯ ದಾರಿಗಳು. ಹೊಲದಿಂದ ಸಂತೆಗೆ, ಊರಿಂದ ಗಿರಣಿಗೆ, ತಾಂಡಾದಿಂದ ಶಾಲೆಗೆ ಹೋಗುವುದು ಇವುಗಳಲ್ಲೇ. 1964ರ ಕರ್ನಾಟಕ ಭೂಕಂದಾಯ ಕಾನೂನಿನ 67ನೆಯ ಕಲಮು ಸಾರ್ವಜನಿಕ ರಸ್ತೆ, ಓಣಿ, ಹಾದಿಗಳೂ ಹೊಳೆ, ಹಳ್ಳ, ಕೆರೆಗಳೂ ಸರಕಾರದ ಸ್ವತ್ತೆಂದು ಹೇಳುತ್ತದೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳು ಚುಕ್ಕಿಗೆರೆಗಳಾಗಿ ಮೂಡಿವೆ. ಖಾಸಗಿ ನೆಲದಲ್ಲಿ ಹಾದು ಹೋಗುವ ದಾರಿಯೂ 20 ವರ್ಷ ಶಾಂತಿಯಿಂದ, ಬಹಿರಂಗವಾಗಿ, ಹಕ್ಕೆಂದೇ ಬಳಸಿದ್ದಾದರೆ 1882ರ ಈಸ್‌ಮೆಂಟ್ ಕಾನೂನು ಅದನ್ನು ಮನ್ನಿಸುತ್ತದೆ. ಆದರೂ ನಕಾಶೆಯ ಗೆರೆ ನೆಲದ ಮೇಲೆ ಇಲ್ಲದಿರುವುದನ್ನು ನಾವು ಊರೂರಲ್ಲಿ ಕಾಣುತ್ತೇವೆ. ಮೊದಲು ಒಂದು ಮೊಳ ಉಳುತ್ತಾರೆ, ಮರುವರ್ಷ ಮುಳ್ಳು ಹಾಕುತ್ತಾರೆ, ಆಮೇಲೆ ಕಲ್ಲುಕಂಬ ನೆಡುತ್ತಾರೆ. ಬಡಾವಣೆ ಬಂದರೆ ಗೇಟು, ಗೇಟಿಗೊಬ್ಬ ಕಾವಲುಗಾರ!

ಕಾಡಿನ ಮಾತು ಬೇರೆ. ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಕಾನೂನಿನಂತೆ ಅನುಮತಿಯಿಲ್ಲದೆ ಹೊರಗಿನವರು ಹೋಗುವಂತಿಲ್ಲ, ಹೋಗುವುದು ತರವೂ ಅಲ್ಲ. ಆನೆಗೂ ತನ್ನ ದಾರಿಯ ಹಕ್ಕಿದೆ. ಸಣ್ಣ ರೈತನ ಬೆಳೆಯನ್ನು ತುಳಿದು ಹೋಗುವ ಹಕ್ಕನ್ನೂ ನಾವು ಕೇಳುತ್ತಿಲ್ಲ. ನಾವು ಕೇಳುವುದು ಈಗಾಗಲೇ ಊರಿನದೇ ಆಗಿರುವ ಹಾದಿಯನ್ನು.

ಸಣ್ಣ ವರ್ತಕರಿಗೂ ಇದರಲ್ಲಿ ಪಾಲಿದೆ. ಹೆದ್ದಾರಿ ಊರ ಹೊರಗೆ ಸರಿದರೆ ಊರೊಳಗಿನ ಚಹದಂಗಡಿ ಸೊರಗುತ್ತದೆ. ಹಳೆಯ ಹಾದಿ ಬದುಕಿದ್ದರೆ ಪಂಕ್ಚರ್ ಹಾಕುವವನಿಗೂ ಬಾಳೆಹಣ್ಣು ಮಾರುವವಳಿಗೂ ದಿನದ ವ್ಯಾಪಾರವುಂಟು. ಡರ್ಬಿಷೈರಿನ ಹಳೆಯ ರೈಲು ಹಾದಿಗಳ ನಿಲ್ದಾಣಗಳಲ್ಲಿ ಇಂದು ನಡೆಯುತ್ತಿರುವುದು ಬಾಡಿಗೆ ಸೈಕಲ್ಲಿನ ಅಂಗಡಿ, ತಿಂಡಿಯ ಅಂಗಡಿ.

ಆದ್ದರಿಂದ ಕೆಲಸಗಾರರ ಸಂಘಗಳೂ ವರ್ತಕರ ಸಂಘಗಳೂ ಮಾಡಬೇಕಾದ ಕೆಲಸ ಸರಳವಾಗಿದೆ. ತಮ್ಮ ತಮ್ಮ ಊರಿನ ಗ್ರಾಮ ನಕಾಶೆಯನ್ನು ಭೂಮಾಪನ ಇಲಾಖೆಯಿಂದ ಪಡೆಯಬೇಕು. ಒಂದು ಭಾನುವಾರ ಹತ್ತು ಜನ ಸೈಕಲ್ಲೇರಿ ನಕಾಶೆಯ ಹಾದಿಯನ್ನು ನೆಲದ ಮೇಲೆ ಹುಡುಕಿ ನೋಡಬೇಕು. ಮುಚ್ಚಿದ ಹಾದಿಯ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಿಸಿ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಉತ್ತರ ಬಾರದಿದ್ದರೆ ಮತ್ತೆ ಹೋಗಬೇಕು, ಈ ಸಲ ನೂರು ಜನ.