ಕಾಲು ಮುರಿದ ಮಕ್ಕಳ ನೋವು ಕುಮಟಾದಲ್ಲೇ ಇಳಿಯಲಿ: ಬಾಡ ಗ್ರಾಮಸ್ಥರ ಮನವಿ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ವಿಷಯ: ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳಿಗೆ ನರದ ಅರಿವಳಿಕೆ ಸದಾ ಸಿಗುವಂತೆ ಮಾಡುವ ಕುರಿತು

ಮಾನ್ಯರೇ,

ಬಾಡದ ಮಕ್ಕಳಿಗೆ ಮಾವಿನ ಮರ ಹತ್ತುವುದನ್ನು ಯಾರೂ ಕಲಿಸಬೇಕಿಲ್ಲ. ಬಿದ್ದು ತೊಡೆಯೆಲುಬು ಮುರಿದರೆ ಕುಮಟಾ ಹತ್ತಿರವೇ ಇದೆ. ಆದರೆ ದೊಡ್ಡಾಸ್ಪತ್ರೆಯೇ ಬೇಕೆಂದಾದರೆ ಉತ್ತರಕ್ಕೆ ಸುಮಾರು 70 ಕಿ.ಮೀ. ದೂರದ ಕಾರವಾರ, ಇಲ್ಲವೇ ದಕ್ಷಿಣಕ್ಕೆ ನೂರು ಕಿ.ಮೀ. ದಾಟಿ ಮಣಿಪಾಲ. ಎರಡೂ ದಾರಿಯಲ್ಲಿ ಒಂದೊಂದು ಶಿರೂರು. ಬೈಂದೂರು ಕಡೆಯ ಶಿರೂರು ಟೋಲ್‌ಗೇಟಿನಲ್ಲಿ 2022ರ ಜುಲೈ 20ರಂದು ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉರುಳಿ ನಾಲ್ವರು ತೀರಿಕೊಂಡರು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು.

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ ಹಾಗೇ ಇರಲಿ. ಬಾಡದವರು ಈಗ ಕೇಳುತ್ತಿರುವುದು ಒಂದು ಇಂಜೆಕ್ಷನ್ ಮಾತ್ರ.

ತೊಡೆಯ ಸ್ನಾಯುಗಳಿಗೆ ಭಾರೀ ಬಲ. ಎಲುಬು ಮುರಿದಾಗ ಅವು ಸೆಟೆದು ಮುರಿದ ತುದಿಗಳನ್ನು ಒಂದರ ಮೇಲೊಂದು ಎಳೆಯುತ್ತವೆ. ಹೆದ್ದಾರಿಯ ಪ್ರತಿ ಹೊಂಡಕ್ಕೂ ಮಗು ಕಿರುಚುತ್ತದೆ. ತೊಡೆಸಂದಿನ ಹತ್ತಿರ, ಸ್ನಾಯುವಿನ ಪೊರೆಯಡಿಗೆ ಬುಪಿವಕೇನ್‌ನಂಥ ಔಷಧಿ ಹಾಕಿದರೆ ತೊಡೆಯ ನರ ಹಲವು ಗಂಟೆ ಮರಗಟ್ಟುತ್ತದೆ. ಮಗು ಎಚ್ಚರವಾಗಿಯೇ ಇರುತ್ತದೆ, ಅಮ್ಮನ ಜೊತೆ ಮಾತಾಡುತ್ತದೆ. ಇದು ಹೊಸ ಪ್ರಯೋಗವೇನೂ ಅಲ್ಲ: ಫ್ರಾನ್ಸಿನ ದಾಲೆನ್ಸ್ ಮತ್ತು ಸಂಗಡಿಗರು 1989ರಲ್ಲೇ 120 ಮಕ್ಕಳ ಅಧ್ಯಯನದಲ್ಲಿ ಈ ವಿಧಾನವನ್ನು ವಿವರಿಸಿದ್ದರು. ಅಲ್ಟ್ರಾಸೌಂಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಸೂಜಿ ಎರಡು ಪೊರೆ ದಾಟುವಾಗಿನ ಎರಡು 'ಟಕ್' ಅನುಭವದಿಂದ ಪಳಗಿದ ವೈದ್ಯರು ಜಾಗ ಗುರುತಿಸಬಲ್ಲರು.

ಆದ್ದರಿಂದ ಗ್ರಾಮಸ್ಥರ ಕೋರಿಕೆ ಇಷ್ಟು. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಕಾರವಾರದ ಕ್ರಿಮ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ಇಂಜೆಕ್ಷನ್ ಕೊಡುವ ತರಬೇತಿ ಕೊಡಿಸಬೇಕು. ಹಗಲು ರಾತ್ರಿ ಒಬ್ಬರಾದರೂ ಬಲ್ಲವರು ಲಭ್ಯವಿರಬೇಕು. ನರ ಹುಡುಕಲು ಬಳಸುವ ಅಲ್ಟ್ರಾಸೌಂಡ್ ಯಂತ್ರಕ್ಕೂ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ನೋಂದಣಿ ಬೇಕು. ಕಾಯ್ದೆ ಬೇಕಾದದ್ದೇ, ಕಡತ ಮಾತ್ರ ಬೇಗ ಸಾಗಲಿ.

ಔಷಧಿಯನ್ನು ಮಗುವಿನ ತೂಕ ನೋಡಿಯೇ ಕೊಡಬೇಕು. ಅದು ರಕ್ತನಾಳಕ್ಕೆ ಹೋದರೆ ಫಿಟ್ಸ್ ಬರಬಹುದು, ಹೃದಯವೂ ನಿಲ್ಲಬಹುದು. ಅದಕ್ಕೆ ಶೇ. 20ರ ಲಿಪಿಡ್ ದ್ರಾವಣ, ಆಮ್ಲಜನಕ, ನಾಡಿ ನೋಡುವ ಯಂತ್ರ ಕೈಗೆಟಕುವಂತೆ ಇರಲೇಬೇಕು. ಮೊಣಕಾಲ ಕೆಳಗೆ ಮುರಿದವರ ಮಾತು ಬೇರೆ. ಅಲ್ಲಿ ಬಾವು ಸ್ನಾಯುವನ್ನು ಹಿಸುಕಿದರೆ ನೋವೇ ಮೊದಲ ಎಚ್ಚರಿಕೆ, ಅದು ಮರೆಯಾಗಬಾರದು. ಅಂಥವರಿಗೆ ಈ ಇಂಜೆಕ್ಷನ್ ಹೆಚ್ಚು ಉಪಯೋಗಕ್ಕೂ ಬಾರದು. ಮೂಳೆ ವೈದ್ಯರೇ ತೀರ್ಮಾನಿಸಲಿ.

ಮಗುವನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಎಂದು ಬರೆಯುವುದನ್ನು ಕಡ್ಡಾಯ ಮಾಡಬೇಕೆಂದೂ ವಿನಂತಿ.

ಸ್ಥಳ: ಬಾಡ, ಕುಮಟಾ ತಾಲ್ಲೂಕು
ಇಂತಿ, ಬಾಡದ ಗ್ರಾಮಸ್ಥರು ಮತ್ತು ಪಾಲಕರು